ಹಳೆಯ ಬೇಸ್, ಹೊಸ ಬೇಸ್: ಯಾವುದು ಅಸಲಿ?

ಒಂದೇ ಆಕಾರ, ಒಂದೇ ಬಣ್ಣ, ಅವೇ ನಾಲ್ಕು ತಂತಿ. ಒಂದರ ಬೆಲೆ ಕೆಲವು ನೂರು ಯೂರೋ, ಇನ್ನೊಂದರದು ಕೆಲವು ಸಾವಿರ. ಮೊದಲನೆಯದು ಈಚೆಗೆ ಚೀನಾದ ಕಾರ್ಖಾನೆಯಿಂದ ಬಂದದ್ದು. ಎರಡನೆಯದು 1960ರ ದಶಕದಲ್ಲಿ ಜರ್ಮನಿಯ ಒಂದು ಹಳ್ಳಿಯಲ್ಲಿ ಹುಟ್ಟಿದ್ದು. ಕಣ್ಣು ಮುಚ್ಚಿಕೊಂಡು ಕೇಳಿದ್ರೆ ವ್ಯತ್ಯಾಸ ಗೊತ್ತಾಗುತ್ತಾ? ಗೊತ್ತಾದ್ರೂ ಆ ವ್ಯತ್ಯಾಸಕ್ಕೆ ಅಷ್ಟು ಹಣ ಕೊಡಬೇಕಾ?

ಈ ವರ್ಷ ಈ ಪ್ರಶ್ನೆ ನನ್ನ ಮಟ್ಟಿಗೆ ಬರೀ ಹರಟೆಯಾಗಿ ಉಳಿಯಲಿಲ್ಲ. ಕೆಲಸದ ನಿಮಿತ್ತ ನಾನು ಇರೋದು ಜರ್ಮನಿಯ ಎರ್ಲಾಂಗನ್‌ನಲ್ಲಿ. ವಾರವಿಡೀ ಕೋಡ್, ಶನಿವಾರ ಸಂಜೆ ನಾಲ್ಕು ಜನ ಸೇರಿ ಹಳೇ ರಾಕ್ ಹಾಡುಗಳು. ನನ್ನ ಪಾಲಿಗೆ ಬೇಸ್ ಗಿಟಾರ್. ನಮ್ಮ ಡ್ರಮ್ಮರ್‌ನ ಮಾವನ ಹತ್ತಿರ ಅರುವತ್ತರ ದಶಕದ ಹೋಫ್ನರ್ 500/1 ಇದೆ, ಅಂದ್ರೆ ಪಿಟೀಲಿನ ಆಕಾರದ ಆ ಪ್ರಸಿದ್ಧ ಬೇಸ್. ಬೆರಳು ಗಂಟು ಕಟ್ಟಿವೆ, ಇನ್ನು ನುಡಿಸೋಕೆ ಆಗಲ್ಲ, ನುಡಿಸುವವರಿಗೇ ಕೊಡಬೇಕು ಅಂತ ಅವರ ಆಸೆ. ನನಗೆ ಅಂತ ಬೆಲೆಯನ್ನೂ ಸ್ವಲ್ಪ ಇಳಿಸಿದರು. ತಿಂಗಳ ಕೊನೆಯೊಳಗೆ ಹೇಳು ಅಂದರು. ಇತ್ತ ಈ ವರ್ಷದ ಬೋನಸ್‌ನಲ್ಲಿ ಊರಿನ ಮನೆ ಮೇಲೆ ಸೋಲಾರ್ ಹಾಕಿಸೋಣ ಅಂತ ಅಪ್ಪನಿಗೆ ಮಾತು ಕೊಟ್ಟಾಗಿತ್ತು. ಇರೋದು ಒಂದೇ ಬೋನಸ್.

ಹಾಗಾಗಿ ಕೂತು ಲೆಕ್ಕ ಹಾಕಿದೆ. ಹಣದ ಲೆಕ್ಕ ಮಾತ್ರ ಅಲ್ಲ, ಮರದ ಲೆಕ್ಕ, ತಂತಿಯ ಲೆಕ್ಕವನ್ನೂ.

ಟೊಳ್ಳು ಒಡಲಿನ ಗುಟ್ಟು

ನಾವು ವೇದಿಕೆ ಮೇಲೆ ನೋಡೋ ಹೆಚ್ಚಿನ ಬೇಸ್ ಗಿಟಾರ್‌ಗಳ ಒಡಲು ಇಡೀ ಮರದ ಹಲಗೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಹಾಕಿಕೊಟ್ಟ ದಾರಿ ಅದು. ಹಲಗೆ ಅಷ್ಟಾಗಿ ಕಂಪಿಸೋದಿಲ್ಲ. ತಂತಿಯ ಶಕ್ತಿ ತಂತಿಯಲ್ಲೇ ಉಳಿಯುತ್ತೆ, ಸ್ವರ ತುಂಬಾ ಹೊತ್ತು ನಿಲ್ಲುತ್ತೆ.

ಟೊಳ್ಳು ಒಡಲಿನ ಬೇಸ್ ಹಾಗಲ್ಲ. ಹೋಫ್ನರ್‌ನಲ್ಲಿ ಮೇಲೆ ಸ್ಪ್ರೂಸ್ ಮರದ ತೆಳು ಹಲಗೆ, ಹಿಂದೆ ಮತ್ತು ಪಕ್ಕದಲ್ಲಿ ಮೇಪಲ್, ಒಳಗೆ ಬರೀ ಗಾಳಿ. ನಮ್ಮ ವೀಣೆಯ ಕೊಡದ ಹಾಗೆ. ತಂತಿ ಮೀಟಿದ ತಕ್ಷಣ ಮೇಲಿನ ಹಲಗೆ ಅದರ ಶಕ್ತಿಯನ್ನು ಕಿತ್ತುಕೊಂಡು ತಾನು ಅಲ್ಲಾಡುತ್ತೆ. ಅದಕ್ಕೇ ಸ್ವರ 'ಧುಂ' ಅಂತ ದಪ್ಪಗೆ ಎದ್ದು ಬೇಗ ಆರಿಹೋಗುತ್ತೆ. ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನ ನೆರಳು ಅದರಲ್ಲಿ ಕೇಳಿಸುತ್ತೆ. ಜೊತೆಗೆ ಒಂದು ಕಾಟವೂ ಇದೆ. ಆಂಪ್ಲಿಫೈಯರ್ ಜೋರು ಮಾಡಿದ್ರೆ ಸ್ಪೀಕರ್‌ನ ಸದ್ದಿಗೆ ಒಡಲೇ ನಡುಗಿ ಹೂಂಕರಿಸೋಕೆ ಶುರು ಮಾಡುತ್ತೆ.

ಇನ್ನೊಂದು ವ್ಯತ್ಯಾಸ ತಂತಿಯ ಉದ್ದ. ಫೆಂಡರ್‌ನಲ್ಲಿ 34 ಇಂಚು, ಹೋಫ್ನರ್‌ನಲ್ಲಿ ಸುಮಾರು 30. ನಾಲ್ಕು ಇಂಚು ತಾನೇ ಅನ್ನಬೇಡಿ. ಅದೇ ತಂತಿಯನ್ನು ಅದೇ ಶ್ರುತಿಗೆ ತಂದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. 30ನ್ನು 34ರಿಂದ ಭಾಗಿಸಿ ವರ್ಗ ಮಾಡಿ, 0.78 ಬರುತ್ತೆ. ಅಂದ್ರೆ ಬಿಗಿತ ಸುಮಾರು ಶೇ. 22 ಕಡಿಮೆ. ಬೆರಳಿಗೆ ಮೆತ್ತಗೆ, ಕಿವಿಗೆ ದುಂಡಗೆ. ಈ ಮೆತ್ತನೆ, ಈ ದುಂಡುತನ ಮರದ ವಯಸ್ಸಿನಿಂದ ಬಂದದ್ದಲ್ಲ. ಅಳತೆಯಿಂದ ಬಂದದ್ದು, ಹಾಗಾಗಿ ಅಳತೆ ಸರಿಯಿದ್ದ ಹೊಸದರಲ್ಲೂ ಸಿಗುತ್ತೆ.

ಪಿಟೀಲು ಮಾಡುವವರ ಹಳ್ಳಿ

ಈ ವಾದ್ಯಕ್ಕೆ ಪಿಟೀಲಿನ ಆಕಾರ ಬಂದದ್ದು ಸುಮ್ಮನೆ ಅಲ್ಲ. ಕಾರ್ಲ್ ಹೋಫ್ನರ್ 1887ರಲ್ಲಿ ಕಸುಬು ಶುರು ಮಾಡಿದ್ದು ಶೋನ್‌ಬಾಖ್ ಎಂಬ ಊರಲ್ಲಿ, ಈಗ ಅದು ಚೆಕ್ ಗಣರಾಜ್ಯದ ಲೂಬಿ. ಊರಿಗೆ ಊರೇ ಪಿಟೀಲು ಮಾಡೋರು. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಜರ್ಮನ್ ಭಾಷಿಕರನ್ನೆಲ್ಲ ಹೊರಹಾಕಿದರು. ಉಟ್ಟ ಬಟ್ಟೆಯಲ್ಲಿ ಬಂದ ಆ ಕಸುಬುದಾರರಿಗೆ 1949ರಿಂದ ನೆಲೆ ಕೊಟ್ಟದ್ದು ಎರ್ಲಾಂಗನ್ ಪಕ್ಕದ ಬೂಬನ್‌ರಾಯ್ಟ್ ಎಂಬ ಪುಟ್ಟ ಹಳ್ಳಿ. ಕೆಲವೇ ನೂರು ಜನರಿದ್ದ ಹಳ್ಳಿ, ತನಗಿಂತ ಎಷ್ಟೋ ಪಟ್ಟು ಹೆಚ್ಚು ಜನರನ್ನು ಒಳಗೆ ಬಿಟ್ಟುಕೊಂಡಿತು.

ನನ್ನ ಮನೆಯಿಂದ ಅಲ್ಲಿಗೆ ಸೈಕಲ್ ದಾರಿ. ವಾದ್ಯ ತಯಾರಿಕೆಯ ಚರಿತ್ರೆ ಹೇಳೋ ಮ್ಯೂಸಿಯಂ ಕೂಡ ಇದೆ ಅಲ್ಲಿ. ಕಾರ್ಲ್‌ನ ಮಗ ವಾಲ್ಟರ್ ಹೋಫ್ನರ್ 1955ರ ಸುಮಾರಿಗೆ ಎಲೆಕ್ಟ್ರಿಕ್ ಬೇಸ್ ಮಾಡೋಣ ಅಂತ ಹೊರಟಾಗ ಕೈಗೆ ಒಗ್ಗಿದ್ದ ಪಿಟೀಲಿನ ರೂಪವನ್ನೇ ತೆಗೆದುಕೊಂಡ. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಹಗುರ, ಎರಡೂವರೆ ಕಿಲೋ ಆಸುಪಾಸು.

ಅದನ್ನು ಲೋಕವೆಲ್ಲ ಗುರುತಿಸುವಂತೆ ಮಾಡಿದ್ದು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ನುಡಿಸ್ತಿದ್ದಾಗ ಸುಮಾರು 30 ಪೌಂಡ್ ಕೊಟ್ಟು ಕೊಂಡದ್ದು. ಕಾರಣ ಎರಡು. ಅಗ್ಗವಾಗಿತ್ತು. ಮತ್ತೆ ಆತ ಎಡಗೈಯವ, ಎರಡೂ ಕಡೆ ಒಂದೇ ಥರ ಇರೋ ಪಿಟೀಲಿನ ಆಕಾರ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣ್ತಿರಲಿಲ್ಲ. ಇವತ್ತು ಸಾವಿರಾರು ಯೂರೋ ಕೊಟ್ಟು ಹುಡುಕೋ ವಾದ್ಯ ಅಂದು ದುಡ್ಡಿಲ್ಲದ ಹುಡುಗನ ಆಯ್ಕೆ ಆಗಿತ್ತು, ಇದೊಂದು ನೆನಪಿರಲಿ.

ಪಕ್ಕಪಕ್ಕ ಇಟ್ಟು ನೋಡಿದೆ

ನನ್ನ ಹತ್ತಿರ ಮೊದಲೇ ಒಂದು ಹೊಸ ಹೋಫ್ನರ್ ಇತ್ತು, ಚೀನಾದಲ್ಲಿ ತಯಾರಾಗುವ ಕಂಟೆಂಪೊರರಿ ಸರಣಿಯದು. ಯಜಮಾನರ ಹಳೆಯದನ್ನು ಒಂದು ಶನಿವಾರಕ್ಕೆ ತಂದು ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಸಿಕ್ಕಿಸಿದೆವು. ಹಳೆಯದೇ ಗೆದ್ದಿತು, ಅದರಲ್ಲಿ ಅನುಮಾನವೇ ಇರಲಿಲ್ಲ. ದನಿ ಬೆಚ್ಚಗೆ, ಆಳವಾಗಿ, ಚುಟುಕಾಗಿ. ಹೊಸದು ಅದರ ಮುಂದೆ ಸ್ವಲ್ಪ ಒರಟು. ಡ್ರಮ್ಮರ್ ಅಂತೂ "ಮರ ಹಣ್ಣಾಗಿದೆ" ಅಂತ ತೀರ್ಪು ಕೊಟ್ಟೇಬಿಟ್ಟ.

ಆದರೆ ಸಾಫ್ಟ್‌ವೇರ್‌ನವರಿಗೆ ಒಂದು ಚಾಳಿ. ಎರಡು ಸಿಸ್ಟಮ್ ಬೇರೆ ಬೇರೆ ಉತ್ತರ ಕೊಟ್ಟರೆ ಅವುಗಳ ಮಧ್ಯೆ ಎಷ್ಟು ಸಂಗತಿ ಬದಲಾಗಿದೆ ಅಂತ ಮೊದಲು ಪಟ್ಟಿ ಮಾಡ್ತೀವಿ. ಪಟ್ಟಿ ಮಾಡಿದೆ. ವಯಸ್ಸು ಅದರಲ್ಲಿ ಒಂದು ಸಾಲು ಅಷ್ಟೇ.

ಮೊದಲನೆಯದು ತಂತಿ. ಹಳೆಯದರಲ್ಲಿ ಫ್ಲಾಟ್‌ವೌಂಡ್, ಅಂದ್ರೆ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ ನುಣುಪಾದ ತಂತಿ, ಅದೂ ವರ್ಷಗಟ್ಟಲೆ ನುಡಿಸಿ ಮಂದವಾಗಿದ್ದು. ನನ್ನದರಲ್ಲಿ ಗುಂಡು ಸುತ್ತಿನ ಹೊಸ ತಂತಿ, ಮಿಣಮಿಣ ಅನ್ನೋದು. ಎರಡನೆಯದು ಒಡಲಿನ ಒಳಗೆ. ಕಂಟೆಂಪೊರರಿ ಸರಣಿಯಲ್ಲಿ ಒಡಲಿನ ನಡುವೆ ಒಂದು ಮರದ ದಿಮ್ಮಿ ಇಟ್ಟಿರ್ತಾರೆ. ಹೂಂಕಾರ ಕಡಿಮೆಯಾಗಲಿ, ಸ್ವರ ಹೆಚ್ಚು ಹೊತ್ತು ನಿಲ್ಲಲಿ ಅಂತ. ಹಳೆಯದು ಪೂರ್ತಿ ಟೊಳ್ಳು. ಮೂರನೆಯದು ಪಿಕಪ್. ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸೋ ಆಯಸ್ಕಾಂತ ಮತ್ತು ಸುರುಳಿ. ಐವತ್ತರ ಕೊನೆಯಿಂದ ಅರುವತ್ತರ ನಡುವೆ ಹೋಫ್ನರ್‌ನವರೇ ಹಲವು ಸಲ ಪಿಕಪ್ ಬದಲಿಸಿದ್ದಾರೆ. ನಾಲ್ಕನೆಯದು ಬ್ರಿಜ್ ಅನ್ನು ಕೂರಿಸಿದ ಜಾಗ. ವೀಣೆಯಲ್ಲಿ ಕುದುರೆ ಅಂತೀವಲ್ಲ, ಅದು. ಹೋಫ್ನರ್‌ನಲ್ಲಿ ಕುದುರೆಯನ್ನು ಅಂಟಿಸಿರಲ್ಲ, ತಂತಿಯ ಒತ್ತಡದಲ್ಲಿ ಸುಮ್ಮನೆ ನಿಂತಿರುತ್ತೆ. ಅದರ ಗಾಡಿಗಳಲ್ಲಿ ಫ್ರೆಟ್‌ನ ಪುಟ್ಟ ತುಂಡುಗಳನ್ನು ಕೂರಿಸಿ ಶ್ರುತಿ ಸರಿ ಮಾಡಬೇಕು. ಒಂದು ಮಿಲಿಮೀಟರ್ ಸರಿದರೂ ಮೇಲಿನ ಸ್ವರಗಳು ಹದ ತಪ್ಪುತ್ತವೆ.

ಈಗ ಒಂದೊಂದಾಗಿ ಸಮ ಮಾಡ್ತಾ ಬಂದೆ. ನನ್ನದಕ್ಕೆ ಫ್ಲಾಟ್‌ವೌಂಡ್ ತಂತಿ ಹಾಕಿದೆ. ಅರ್ಧ ವ್ಯತ್ಯಾಸ ಅಲ್ಲೇ ಮಾಯ. ಕುದುರೆ ಸರಿ ಕೂರಿಸಿದೆ, ಇನ್ನಷ್ಟು ಹತ್ತಿರ ಬಂತು. ಆಮೇಲೆ ಅಂಗಡಿಗೆ ಹೋಗಿ ಜರ್ಮನಿಯಲ್ಲೇ ತಯಾರಾದ, ಪೂರ್ತಿ ಟೊಳ್ಳಾದ ಮರುಆವೃತ್ತಿಯನ್ನು ನುಡಿಸಿದೆ. ಎರಡು ಸಾವಿರ ಯೂರೋಗಿಂತ ಮೇಲಿನ ವಾದ್ಯ ಅದು. ಆ ಚುಟುಕಾದ 'ಧುಂ' ಅಲ್ಲೇ ಇತ್ತು. ಹಣ್ಣಾದ ಮರದ್ದು ಅಂತ ನಾವು ಅಂದುಕೊಂಡಿದ್ದರಲ್ಲಿ ಬಹುಪಾಲು ತಂತಿಯದ್ದು, ದಿಮ್ಮಿಯದ್ದು.

ಉಳಿದದ್ದು ಏನೂ ಇಲ್ಲವೇ? ಇದೆ. ಹಳೆಯದರ ಕತ್ತಿನ ಅಂಚು ಅರುವತ್ತು ವರ್ಷ ಕೈಯಾಡಿ ಸವೆದು ದುಂಡಗಾಗಿದೆ. ಹಿಡಿದ ತಕ್ಷಣ ಪರಿಚಿತರ ಕೈ ಕುಲುಕಿದ ಹಾಗೆ. ದನಿಯಲ್ಲೂ ಒಂದು ಎಳೆ ವ್ಯತ್ಯಾಸ ಇದೆ ಅಂತಲೇ ನನ್ನ ಕಿವಿ ಹೇಳುತ್ತೆ. ಅದು ಆ ವಾದ್ಯದ ಗುಣವೋ, ವಯಸ್ಸಿನ ಗುಣವೋ ಅನ್ನೋದು ಬೇರೆ ಪ್ರಶ್ನೆ.

ಕಣ್ಣಿಗೆ ಪಟ್ಟಿ ಕಟ್ಟಿದರೆ

ಈ ಪ್ರಶ್ನೆಯನ್ನು ಪಿಟೀಲಿನವರು ನಮಗಿಂತ ಚೆನ್ನಾಗಿ ಕೇಳಿದ್ದಾರೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲಾಡಿಯಾ ಫ್ರಿಟ್ಜ್, ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು 21 ಪಿಟೀಲು ವಾದಕರಿಗೆ ಆರು ಪಿಟೀಲು ಕೊಟ್ಟರು. ಮೂರು ಹೊಸವು. ಮೂರು ಹಳೆಯವು, ಅದರಲ್ಲಿ ಎರಡು ಸ್ಟ್ರಾಡಿವರಿ. ಯಾವುದು ಯಾವುದೆಂದು ಕಾಣದ ಹಾಗೆ ಕನ್ನಡಕ ಹಾಕಿಸಿದ್ದರು. ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ಹೊಸ ಪಿಟೀಲು. ಅತಿ ಕಡಿಮೆ ಮೆಚ್ಚುಗೆ ಸಿಕ್ಕಿದ್ದು ಒಂದು ಸ್ಟ್ರಾಡಿವರಿಗೆ. 2012ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಮಾಡಿದರು. ಈ ಸಲ ಹತ್ತು ಜನ ಹೆಸರಾಂತ ವಾದಕರು, ಹನ್ನೆರಡು ಪಿಟೀಲು. ಆರು ಜನ ಹೊಸದನ್ನೇ ಆರಿಸಿಕೊಂಡರು.

ಹಾಗಂತ ಹಳೆಯದು ಕಳಪೆ ಅಂತಲ್ಲ. ನೋಡದೆ ಕೇಳಿದರೆ ಹಳೆಯದು ಅನ್ನೋ ಕಾರಣಕ್ಕೇ ಯಾವುದೂ ಗೆಲ್ಲೋದಿಲ್ಲ, ಅಷ್ಟೇ. ನಾವೂ ಬೆನ್ನು ತಿರುಗಿಸಿ ಕೂತು ಈ ಆಟ ಆಡಿದೆವು. ತಂತಿ ಸಮ ಮಾಡಿದ ಮೇಲೆ ಡ್ರಮ್ಮರ್ ಒಮ್ಮೆ ಸರಿ ಹೇಳಿದ, ಇನ್ನೊಮ್ಮೆ ತಪ್ಪಿದ. ಮರ ಹಣ್ಣಾದ ಮಾತು ಆಮೇಲೆ ಎತ್ತಲಿಲ್ಲ.

ಇನ್ನೊಂದು ವಿಷಯ. ಅರುವತ್ತರ ದಶಕದಲ್ಲಿ ಕೈಯಲ್ಲಿ ಮಾಡಿದ ವಾದ್ಯಗಳೆಲ್ಲ ಒಂದೇ ಸಮ ಇರಲಿಲ್ಲ. ಕತ್ತು ಬಾಗಿದ್ದು, ಅಂಟು ಬಿಟ್ಟದ್ದು, ದನಿಯೇ ಬರದ್ದು ಅಟ್ಟ ಸೇರಿದವು ಇಲ್ಲವೇ ಒಲೆ ಸೇರಿದವು. ಚೆನ್ನಾಗಿದ್ದದ್ದನ್ನು ಜನ ಜೋಪಾನ ಮಾಡಿದರು. ಇವತ್ತು ಉಳಿದವನ್ನು ನೋಡಿ "ಆ ಕಾಲದ್ದೇ ಕಾಲ" ಅಂದರೆ, ಪರೀಕ್ಷೆಯಲ್ಲಿ ಪಾಸಾದವರನ್ನಷ್ಟೇ ಎಣಿಸಿ ಇಡೀ ಶಾಲೆ ಹೊಗಳಿದ ಹಾಗೆ.

ಯಾವ ದಿನದ ಅಸಲಿ?

ಮರುಆವೃತ್ತಿ ಮಾಡುವವರಿಗೆ ಇನ್ನೊಂದು ತೊಡಕು ಇದೆ. ಅಸಲಿ ಅಂತ ಯಾವುದನ್ನು ಹಿಡಿಯೋದು?

ಮೆಕಾರ್ಟ್ನಿಯ 1961ರ ಬೇಸ್‌ನಲ್ಲಿ ಎರಡು ಪಿಕಪ್‌ಗಳೂ ಕತ್ತಿನ ಹತ್ತಿರ ಪಕ್ಕಪಕ್ಕದಲ್ಲೇ ಇವೆ. 1963ರ ಎರಡನೇ ಬೇಸ್‌ನಲ್ಲಿ ಒಂದು ಕುದುರೆಯ ಕಡೆ ಸರಿದಿದೆ. ದನಿ ಬೇರೆ. ಅದಕ್ಕೇ ಹೋಫ್ನರ್ ಎರಡಕ್ಕೂ ಬೇರೆ ಬೇರೆ ಮರುಆವೃತ್ತಿ ತಂದಿದೆ. ಅಷ್ಟಕ್ಕೂ 1961ರದು 1961ರ ಹಾಗೇ ಉಳಿಯಲಿಲ್ಲ. 1964ರಲ್ಲಿ ಅದಕ್ಕೆ ಹೊಸ ಬಣ್ಣ ಹೊಡೆಸಿ ಎರಡು ಪಿಕಪ್‌ಗಳನ್ನೂ ಒಂದೇ ಚೌಕಟ್ಟಿಗೆ ಕೂರಿಸಿದರು. 1972ರಲ್ಲಿ ಲಂಡನ್‌ನ ನಾಟಿಂಗ್ ಹಿಲ್‌ನಲ್ಲಿ ವ್ಯಾನಿನಿಂದ ಅದು ಕಳುವಾಯಿತು. ಐವತ್ತು ವರ್ಷ ಪತ್ತೆಯಿಲ್ಲ. ಹುಡುಕಾಟಕ್ಕೆ ಹೊರಟವರಿಗೆ ಕೊನೆಗೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು, 2024ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು. ರಿಪೇರಿ ಮಾಡಿಸಿದ ಮೇಲೆ ಅದೇ ವರ್ಷ ಡಿಸೆಂಬರ್‌ನಲ್ಲಿ ಮೆಕಾರ್ಟ್ನಿ ಲಂಡನ್ ವೇದಿಕೆಯಲ್ಲಿ ಅದನ್ನು ನುಡಿಸಿದ. ರಿಪೇರಿ ಮಾಡಿಸಿದ್ದಕ್ಕೆ ಅಸಲಿತನ ಹೋಯ್ತು ಅಂತ ಯಾರಾದ್ರೂ ಅಂದ್ರೆ ನಗು ಬರುತ್ತೆ.

ಅಮೆರಿಕದ ಗಿಲ್ಡ್ ಸ್ಟಾರ್‌ಫೈರ್ ಬೇಸ್‌ನ ಕಥೆಯೂ ಹಾಗೇ. 1965ರಲ್ಲಿ ಬಂದದ್ದು. ಪಿಕಪ್ ಬರ್ತಿದ್ದದ್ದು ಸ್ವೀಡನ್ನಿನ ಹಾಗ್‌ಸ್ಟ್ರೋಮ್‌ನಿಂದ. ಜೆಫರ್ಸನ್ ಏರ್‌ಪ್ಲೇನ್‌ನ ಜ್ಯಾಕ್ ಕ್ಯಾಸಡಿ, ಗ್ರೇಟ್‌ಫುಲ್ ಡೆಡ್‌ನ ಫಿಲ್ ಲೆಶ್ ಇಬ್ಬರೂ ಅದನ್ನು ಹೆಸರುವಾಸಿ ಮಾಡಿದರು. ಆದರೆ ಅವರು ನುಡಿಸಿದ್ದು ಕಾರ್ಖಾನೆಯಿಂದ ಬಂದ ಹಾಗೇ ಇದ್ದದ್ದಲ್ಲ. ಅಲೆಂಬಿಕ್‌ನವರು ಒಳಗಿನ ಎಲೆಕ್ಟ್ರಾನಿಕ್ಸ್ ಬದಲಿಸಿದ್ದು. ಮುಂದೆ ಗಿಲ್ಡ್ ಕೊರಿಯಾದಲ್ಲಿ ಮರುಆವೃತ್ತಿ ಮಾಡಿಸಿದಾಗ ಆ ಹಳೇ ಪಿಕಪ್‌ನ ಮರುಸೃಷ್ಟಿಯೇ ಅದರ ಜೀವಾಳವಾಯ್ತು. ಆಕಾರ ನಕಲು ಮಾಡೋದು ಸುಲಭ, ಸುರುಳಿ ಕಷ್ಟ.

ಅದೇ ಕ್ಯಾಸಡಿಗೆ ಮುಂದೆ ಎಪ್ಪತ್ತರ ದಶಕದ ಒಂದು ಗಿಬ್ಸನ್ ಟೊಳ್ಳು ಬೇಸ್ ಇಷ್ಟವಾಯ್ತು. ಒಡಲು ಚೆನ್ನ, ಪಿಕಪ್ ಸಾಲದು ಅನ್ನಿಸಿತು. 1997ರಲ್ಲಿ ಎಪಿಫೋನ್ ಅವನ ಹೆಸರಲ್ಲಿ ಅದನ್ನು ಮರಳಿ ತಂದಾಗ ಪಿಕಪ್ ಹೊಸದಾಗಿ ರೂಪಿಸಿದ್ದರು. ಅಂದ್ರೆ ಇಲ್ಲಿ ಮರುಆವೃತ್ತಿ ಅಸಲಿಯನ್ನು ತಿದ್ದಿತು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮರುಆವೃತ್ತಿ ಅನ್ನೋದು ಕೋಡ್‌ನ ಒಂದು ದಿನದ ಪ್ರತಿಗೆ ಹಾಕಿದ ಟ್ಯಾಗ್. ಹಳೆಯದು ಅಲ್ಲಿಗೆ ನಿಲ್ಲದೆ ಬದಲಾಗ್ತಾ ಬಂದ ಬ್ರಾಂಚ್. ಎರಡನ್ನೂ ಹೋಲಿಸಿ ಒಂದೇ ಅಲ್ಲ ಅಂದ್ರೆ ಅದರಲ್ಲಿ ಆಶ್ಚರ್ಯ ಏನಿದೆ?

ನಮ್ಮಲ್ಲಿ ಇದು ಹೊಸ ಮಾತೂ ಅಲ್ಲ. ಅಜ್ಜಿಯ ಕಾಲದ ವೀಣೆಗೆ ಎಷ್ಟು ಸಲ ಮೇಳ ಕಟ್ಟಿಸಿರ್ತೀವಿ? ಮೇಣ ಹೊಸದು, ತಂತಿ ಹೊಸದು, ಬಿರಡೆ ಒಂದೆರಡು ಹೊಸವು. ಆದರೂ ಅದು ಅಜ್ಜಿಯ ವೀಣೆಯೇ. ನುಡಿಸ್ತಾ ಇರೋದಕ್ಕೆ ರಿಪೇರಿ ಇದ್ದದ್ದೇ.

ಹಾಗಾದ್ರೆ ಏನು ಮಾಡಿದೆ?

ಯಜಮಾನರಿಗೆ ಬೇಡ ಅಂದೆ. ಪರೀಕ್ಷೆ ಮಾಡಿದ್ದೆಲ್ಲ ವಿವರಿಸಿ ಹೇಳಿದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. "ನನಗೆ ಅದು ಬೇಕಾದದ್ದು ದನಿಗಲ್ಲ, ನಾನು ಇಪ್ಪತ್ತರಲ್ಲಿ ಕೊಂಡದ್ದು ಅದು" ಅಂದರು. ಅರುವತ್ತು ವರ್ಷ ಅವರ ಜೊತೆ ಇದ್ದದ್ದು. ಅದು ಅವರದ್ದು, ಹಣ ಕೊಟ್ಟರೂ ನನ್ನದಾಗಲ್ಲ. ಕೊನೆಗೆ ಅದು ಹೋದದ್ದು ಅವರ ಮೊಮ್ಮಗಳಿಗೆ, ಅವಳು ಈಗಷ್ಟೇ ಕಲೀತಿದ್ದಾಳೆ. ಮಾರಿದ್ದರೆ ಯಾರದೋ ಗಾಜಿನ ಕಪಾಟು ಸೇರೋ ಸಾಧ್ಯತೆಯೂ ಇತ್ತು.

ಊರಲ್ಲಿ ಸೋಲಾರ್ ಬಂತು. ವಿಡಿಯೋ ಕಾಲ್‌ನಲ್ಲಿ ಮೀಟರ್ ತೋರಿಸಿ ಅಪ್ಪ ಯೂನಿಟ್ ಎಣಿಸ್ತಾರೆ.

ನೀವೂ ಇಂಥ ವಾದ್ಯ ಹುಡುಕ್ತಿದ್ದರೆ ಕೆಲವು ಮಾತು.

ನುಡಿಸೋದೇ ಮುಖ್ಯ ಅಂದ್ರೆ ಮರುಆವೃತ್ತಿ ಸಾಕು. ಆದರೆ ಒಡಲು ಪೂರ್ತಿ ಟೊಳ್ಳೋ, ನಡುವೆ ದಿಮ್ಮಿ ಇದೆಯೋ ಮೊದಲು ಕೇಳಿ. ಹಳೇ 'ಧುಂ' ಬೇಕಾದ್ರೆ ಟೊಳ್ಳು. ಜೋರಾಗಿ ನುಡಿಸೋ ಬ್ಯಾಂಡಿಗೆ ದಿಮ್ಮಿ ಇರೋದೇ ವಾಸಿ. ಬೇಸ್‌ನ ಮೇಲೆ ಇನ್ನಷ್ಟು ಖರ್ಚು ಮಾಡೋ ಮುಂಚೆ ಫ್ಲಾಟ್‌ವೌಂಡ್ ತಂತಿ ಹಾಕಿಸಿ, ತಿಳಿದವರಿಂದ ಕುದುರೆ ಸರಿ ಕೂರಿಸಿ. ಅದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇಲ್ಲ.

ಹಳೆಯದೇ ಬೇಕು ಅಂದ್ರೆ ಕತ್ತು ನೆಟ್ಟಗಿದೆಯಾ, ಒಡಲಿಗೆ ಕೂಡಿದ ಜಾಗದಲ್ಲಿ ಬಿರುಕಿದೆಯಾ, ಎರಡೂ ಪಿಕಪ್ ಕೆಲಸ ಮಾಡ್ತಾವಾ, ಅಂಚಿನ ಸೆಲ್ಯುಲಾಯ್ಡ್ ಪಟ್ಟಿ ಪುಡಿಯಾಗ್ತಿದೆಯಾ ನೋಡಿ. ರಿಪೇರಿಗೆ ಅಂತ ಬೇರೆ ಹಣ ಎತ್ತಿಡಿ.

ವಿದೇಶದಿಂದ ತರೋರು ಮರದ ಕಾಗದಪತ್ರವನ್ನೂ ವಿಚಾರಿಸಿ. ಆ ಕಾಲದ ಎಷ್ಟೋ ಗಿಟಾರ್‌ಗಳ ಬೆರಳು ಹಲಗೆ ಬ್ರೆಜಿಲ್‌ನ ರೋಸ್‌ವುಡ್. 1992ರಿಂದ ಅದಕ್ಕೆ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಅತಿ ಕಟ್ಟುನಿಟ್ಟಿನ ನಿರ್ಬಂಧ ಇದೆ, ಪರ್ಮಿಟ್ ಇಲ್ಲದೆ ಗಡಿ ದಾಟಿಸಿದರೆ ತೊಂದರೆ. ಅದರ ಜಾಗಕ್ಕೆ ಈಗ ಹಲವು ಗಿಟಾರ್‌ಗಳಲ್ಲಿ ಬಂದಿರೋದು ಭಾರತದ ರೋಸ್‌ವುಡ್, ಅಂದ್ರೆ ನಮ್ಮ ಮಲೆನಾಡು, ಕೊಡಗಿನ ಕಾಡುಗಳ ಬೀಟೆ. ಅದರಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರ ಕೊನೆಯಿಂದ ವಿನಾಯಿತಿಯೂ ಇದೆ.

ಕೊನೆಯದಾಗಿ, ಕೊಂಡದ್ದನ್ನು ದಿನಾ ನುಡಿಸಿ. ಇಂದಿನ ಮರುಆವೃತ್ತಿಗೂ ಅರುವತ್ತು ವರ್ಷ ತುಂಬುತ್ತೆ. ಅಷ್ಟರಲ್ಲಿ ಅದರ ಕತ್ತು ಯಾರದೋ ಕೈಗೆ ಸವೆದು ದುಂಡಗಾಗಿರುತ್ತೆ. ಆ ಕೈ ನಿಮ್ಮದೇ ಆಗಿರಲಿ.